ಪೂಜೆಗೆ ಕೂತ ಹೆಲ್ಮೆಟ್ಟು

ನಮ್ಮ ಮನೆಯಲ್ಲಿ ಓಡುವ ಅಭ್ಯಾಸವಿದ್ದುದು ಅಪ್ಪನೊಬ್ಬನಿಗೆ, ಅದೂ ಬೆಳಗಿನ ರೈಲಿಗೆ. ನ್ಯೂಜೆರ್ಸಿಯ ನಮ್ಮ ಮೆಟುಚೆನ್ ಸ್ಟೇಷನ್ನಿನಲ್ಲಿ ರೈಲಿನ ಬಾಗಿಲು ಸರಿಯಾಗಿ ಎಲ್ಲಿ ಬಂದು ನಿಲ್ಲುತ್ತದೆ ಎಂಬುದನ್ನು ಅವನು ವರ್ಷಗಟ್ಟಲೆಯ ಸಂಶೋಧನೆಯಿಂದ ಕಂಡುಹಿಡಿದಿದ್ದ: ಮೂರನೆಯ ದೀಪದ ಕಂಬ, ಅಲ್ಲಿಂದ ಒಂದೂವರೆ ಹೆಜ್ಜೆ ಎಡಕ್ಕೆ. ಅಲ್ಲಿ ಕಾಲು ಅಗಲಿಸಿ, ಲ್ಯಾಪ್‌ಟಾಪ್ ಚೀಲವನ್ನು ಗುರಾಣಿಯ ಹಾಗೆ ಎದೆಗೆ ಅವಚಿಕೊಂಡು, ಪಕ್ಕದವರು ಒಂದಿಂಚು ಮುಂದೆ ಬಂದರೆ ಕೈಗಡಿಯಾರ ನೋಡುವ ನೆಪದಲ್ಲಿ ಮೊಣಕೈ ಹೊರಚಾಚಿ ನಿಲ್ಲುತ್ತಿದ್ದ. ಮ್ಯಾನ್‌ಹಟನ್ ತನಕ ಕೂತು ಹೋಗಲು ಕಿಟಕಿ ಪಕ್ಕದ ಒಂದು ಸೀಟು, ಅಷ್ಟೇ. ಅದಕ್ಕಾಗಿ ಆ ಮನುಷ್ಯ ತೋರುತ್ತಿದ್ದ ಕಾಲ್ಚಳಕ, ಸಮಯಪ್ರಜ್ಞೆ ಮತ್ತು ಶುದ್ಧ ದುಷ್ಟತನವನ್ನು ನಾನು ಆಮೇಲೆ ನೂರಾರು ಆಟಗಾರರಲ್ಲಿ ಹುಡುಕಿದ್ದೇನೆ, ಸಿಕ್ಕಿಲ್ಲ. ಅದೇ ಮನುಷ್ಯ ಸಂಜೆ ಮನೆಗೆ ಬಂದು, ಸೋಫಾದ ಮೇಲೆ ಕುಸಿದು, ನನ್ನ ಕೆಸರು ಮೆತ್ತಿದ ಮೊಣಕಾಲು ನೋಡಿ ಹೇಳುತ್ತಿದ್ದುದು ಒಂದೇ ಮಾತು:

"ಆಟ ಆಡಿ ಯಾರು ಉದ್ಧಾರ ಆಗಿದಾರೆ ಸುಧನ್ವ?"

ನಾನಂತೂ ಆಗಲಿಲ್ಲ, ಕೋಚ್ ಆದೆ. ಜರ್ಸಿಯ ಒಂದು ಹೈಸ್ಕೂಲಿನಲ್ಲಿ ಅಮೆರಿಕನ್ ಫುಟ್‌ಬಾಲ್, ಅಂದರೆ ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ಓಡುವ, ಓಡುವವನನ್ನು ಕೆಡಹಿ ಮೇಲೆ ಬೀಳುವ ಆಟವನ್ನು ಹೇಳಿಕೊಡುತ್ತೇನೆ. ಕೊರಳಲ್ಲಿ ಸೀಟಿ, ಕೈಯಲ್ಲಿ ಕ್ಲಿಪ್‌ಬೋರ್ಡು, ಬಾಯಲ್ಲಿ ಬೇರೆ ಕೋಚ್‌ಗಳಿಂದ ಕದ್ದ ಬೈಗುಳ. ಅಮ್ಮ ತನ್ನ ಗೆಳತಿಯರಿಗೆ, "ಅಂವಾ ಎಜುಕೇಶನ್ ಫೀಲ್ಡಿನ್ಯಾಗ ಇದ್ದಾನ," ಎನ್ನುತ್ತಾಳೆ. ಫೀಲ್ಡಿನಲ್ಲಿರುವುದಂತೂ ನಿಜ.

ಮನೆ ಸ್ಪ್ಲಿಟ್ ಲೆವೆಲ್ಲಿನದು. ಮುಂಬಾಗಿಲಿನಿಂದ ಆರು ಮೆಟ್ಟಿಲು ಹತ್ತಿದರೆ ಅಡುಗೆಮನೆ, ದೇವರು, ಅಪ್ಪನ ಸೋಫಾ. ಆರು ಮೆಟ್ಟಿಲು ಇಳಿದರೆ ಗ್ಯಾರೇಜು. ನಾನು ಇಳಿಯುವ ಪೈಕಿ. ಗ್ಯಾರೇಜಿನ ಗೋಡೆಗೆ ಅಮ್ಮ ಮೂರು ಮೊಳೆ ಹೊಡೆಸಿದ್ದಳು. ಶರತ್ಕಾಲದ ಫುಟ್‌ಬಾಲಿಗೊಂದು, ಚಳಿಗಾಲದ ಕುಸ್ತಿಗೊಂದು, ವಸಂತದಲ್ಲಿ ನಾನು ಎಸೆಯುತ್ತಿದ್ದ ಜಾವೆಲಿನ್ನಿಗೊಂದು. ಆಟದ ಬಟ್ಟೆ, ಬೂಟು, ಹೆಲ್ಮೆಟ್ಟು ಯಾವುದೂ ಆ ಮೆಟ್ಟಿಲು ಹತ್ತುವಂತಿರಲಿಲ್ಲ. ಅಮ್ಮ ಆಸ್ಪತ್ರೆಯ ಲ್ಯಾಬಿನಲ್ಲಿ ದಿನವಿಡೀ ಊರವರ ಮಲಮೂತ್ರದ ಸೀಸೆಗಳನ್ನು ಗಾಜಿನಡಿ ಇಟ್ಟು ನೋಡುವವಳು, ಆದರೆ ಸ್ವಂತ ಮಗನ ಮೊಣಕಾಲುಪಟ್ಟಿಯ ವಾಸನೆಗೆ ಅವಳ ಧೈರ್ಯ ಕೈಕೊಡುತ್ತಿತ್ತು.

"ಅಯ್ಯ ನನ್ನಪ್ಪಾ, ಮೂಗು ಸುಟ್ಟುಹೋಗ್ತದ! ಅಲ್ಲೇ ಬಿಚ್ಚೋ ಸುಧ್ಯಾ, ಅಲ್ಲೇ. ಹಂಗ ಮ್ಯಾಲೆ ಬಂದೀಯಂದ್ರ ನೋಡು ಮತ್ತ!"

ಅಮ್ಮ ಧಾರವಾಡದವಳು, ಅಪ್ಪ ಮೈಸೂರಿನವನು. ಇಬ್ಬರೂ ಒಬ್ಬರ ಕನ್ನಡವನ್ನು ಇನ್ನೊಬ್ಬರು ಸಹಿಸಿಕೊಂಡಿರುವುದನ್ನೇ ದಾಂಪತ್ಯ ಎಂದು ತಿಳಿದಿದ್ದರು. ಅಪ್ಪನಿಗೆ ಅವಳದು ಜಗಳದ ಹಾಗೆ ಕೇಳಿಸುತ್ತಿತ್ತು, ಅಮ್ಮನಿಗೆ ಅವನದು ಅಳುಬುರುಕ ಮಗುವಿನ ಹಾಗೆ. ನಾನು ಇಬ್ಬರಿಗೂ ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದೆ. ಕನ್ನಡ ನನಗೆ ಬರುತ್ತಿರಲಿಲ್ಲವೆಂದಲ್ಲ, ಚೆನ್ನಾಗಿಯೇ ಬರುತ್ತಿತ್ತು. ಆದರೆ ಇನ್ನೊಬ್ಬರ ಬಾಯಿಂದ ಮಾತ್ರ. ಅಮ್ಮನಾಗಿ ಬೈಯಬಲ್ಲೆ, ಯಾವುದಾದರೂ ಅಂಕಲ್ ಆಗಿ ಆಕಳಿಸಬಲ್ಲೆ. ನಾನಾಗಿ ಒಂದು ಲೋಟ ನೀರು ಕೇಳಬೇಕೆಂದರೆ ಇಂಗ್ಲಿಷಿಗೆ ಓಡಬೇಕಿತ್ತು.

ಈ ವಿದ್ಯೆಗೆ ಮನೆಯಲ್ಲಿ ಮಾರುಕಟ್ಟೆಯಿತ್ತು. ತಿಂಗಳಿಗೊಮ್ಮೆ ಪಾಟ್‌ಲಕ್. ಆರು ಮನೆಯವರು ಆರು ಅಲ್ಯೂಮಿನಿಯಂ ತಟ್ಟೆಗಳಲ್ಲಿ ಒಂದೇ ಪುಳಿಯೋಗರೆಯನ್ನು ತಂದು, ಒಬ್ಬರದನ್ನೊಬ್ಬರು ಹೊಗಳಿ, ಮನೆಗೆ ಹೋಗಿ ಬೈದುಕೊಳ್ಳುವ ಕಾರ್ಯಕ್ರಮ. ಊಟವಾದ ಮೇಲೆ ಅಪ್ಪ ನನ್ನನ್ನು ಕರೆಯುತ್ತಿದ್ದ.

"ಮಾಡಿ ತೋರಿಸೋ. ಶ್ರೀಧರ ಹೇಗೆ ಮಾತಾಡ್ತಾನೆ, ತೋರ್ಸು."

ಪಕ್ಕದ ಎಡಿಸನ್ ಊರಿನ ಶ್ರೀಧರ ಅಂಕಲ್ ಅಂದು ಬಂದಿರದಿದ್ದರೆ ಮಾತ್ರ. ಬಂದಿದ್ದರೆ ಬೇರೆ ಯಾರೋ ಬಾರದವರ ಪಾಳಿ. ಎದುರಿಗಿರುವವರನ್ನು ಮಾಡಕೂಡದು ಎಂಬುದೊಂದೇ ನಿಯಮ. ನಾನು ಹೊಟ್ಟೆ ಮುಂದೆ ಮಾಡಿ, "ಸಾರ್, ಕಾಲೇಜ್ ಅಪ್ಲಿಕೇಶನ್‌ಗೆ ಗಾಲ್ಫ್ ಹಾಕ್ಸಿ ಸಾರ್, ಫುಟ್‌ಬಾಲ್ ಎಲ್ಲಾ ವೇಸ್ಟು," ಎನ್ನುತ್ತಿದ್ದರೆ ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಅಪ್ಪ ಮಾತ್ರ ನಗುತ್ತಿರಲಿಲ್ಲ, ತಿದ್ದುತ್ತಿದ್ದ. "ಅಲ್ಲ ಅಲ್ಲ. ಶ್ರೀಧರ 'ವೇಸ್ಟು' ಅನ್ನೋ ಮುಂಚೆ ಹಲ್ಲಲ್ಲಿ ಏನೋ ಸಿಕ್ಕಿದೆ ಅನ್ನೋ ಹಾಗೆ ನಾಲಿಗೆ ಆಡಿಸ್ತಾನೆ. ಅದು ಬರ್ಲಿಲ್ಲ ನಿಂಗೆ." ಹೌದು, ಬಂದಿರಲಿಲ್ಲ. ಅಪ್ಪ ಇದನ್ನೆಲ್ಲ ಯಾವಾಗ ಗಮನಿಸುತ್ತಿದ್ದ ಎಂದು ನಾನು ಕೇಳಲಿಲ್ಲ, ಗಮನಿಸುವುದು ನನ್ನೊಬ್ಬನ ಗುತ್ತಿಗೆ ಎಂದುಕೊಂಡಿದ್ದೆ. ಒಮ್ಮೆ ಚಪ್ಪಾಳೆಯ ಅಮಲಿನಲ್ಲಿ ನಿಯಮ ಮುರಿದು, ಮೂರನೆಯ ಕಂಬದ ಪಕ್ಕ ಲ್ಯಾಪ್‌ಟಾಪ್ ಚೀಲ ಅವಚಿ ನಿಂತ ಅಪ್ಪನನ್ನೇ ಮಾಡಿಬಿಟ್ಟೆ. ಅಮ್ಮನೇ ಮೊದಲು ನಕ್ಕಳು. ಅಪ್ಪ ಎದ್ದು ಹೋಗಿ ಸಿಂಕಿನಲ್ಲಿ ಮೊಸರಿನ ಪಾತ್ರೆಯೊಂದನ್ನೇ ಬಹಳ ಹೊತ್ತು ತೊಳೆದ. ಮುಂದಿನ ಮೂರು ಪಾಟ್‌ಲಕ್‌ಗಳಲ್ಲಿ ನನ್ನನ್ನು ಯಾರೂ ಕರೆಯಲಿಲ್ಲ.

ಆಟದಲ್ಲೂ ನನ್ನದು ಇದೇ ಕಸುಬು. ಕುಸ್ತಿಯಲ್ಲಿ ನಾನು ನಮ್ಮ ತಂಡದ ದಪ್ಪ ಕುತ್ತಿಗೆಯ ಹುಡುಗನೊಬ್ಬನ ನಕಲು. ಜಾವೆಲಿನ್ನಿನಲ್ಲಿ ವಿಡಿಯೋದಲ್ಲಿ ಕಂಡ ಯಾವನೋ ಬಿಳಿ ಗಡ್ಡದವನ ನಕಲು, ಅವನ ಕುಂಟನ್ನೂ ಸೇರಿಸಿ. ಫುಟ್‌ಬಾಲಿನಲ್ಲಂತೂ ನಕಲು ಮಾಡುವುದೇ ಒಂದು ಹುದ್ದೆ. ಪ್ರತಿ ವಾರ ಮುಂದಿನ ಎದುರಾಳಿ ಹೇಗೆ ಆಡುತ್ತಾನೋ ಹಾಗೆಯೇ ಆಡಿ ತೋರಿಸಿ, ನಮ್ಮ ಮುಖ್ಯ ತಂಡವನ್ನು ಅಣಿಗೊಳಿಸಲು ಎರಡನೆಯ ದರ್ಜೆಯವರ ಒಂದು ತಂಡವಿರುತ್ತದೆ. ಅದಕ್ಕೆ ಸ್ಕೌಟ್ ಟೀಮ್ ಎನ್ನುತ್ತಾರೆ. ಸೋಮವಾರದಿಂದ ಗುರುವಾರದವರೆಗೆ ವೈರಿಯ ವೇಷ ಹಾಕಿ ಒದೆ ತಿನ್ನುವುದು, ಪಂದ್ಯದ ದಿನ ಬೆಂಚಿನ ಮೇಲೆ ಕೂತು ನೀರು ಕುಡಿಯುವುದು. ನಾನು ಅದರ ಕ್ವಾರ್ಟರ್‌ಬ್ಯಾಕ್, ಅಂದರೆ ಕೂಗು ಹಾಕಿ ಆಟ ಶುರುಮಾಡುವ, ಚೆಂಡು ಮೊದಲು ಯಾರ ಕೈಗೆ ಬರುತ್ತದೋ ಅವನು. ಕೊನೆಯ ವರ್ಷದ ಮೊದಲ ಏಳು ವಾರಗಳಲ್ಲಿ ಏಳು ಊರಿನ ಏಳು ಕ್ವಾರ್ಟರ್‌ಬ್ಯಾಕ್‌ಗಳಾಗಿದ್ದೆ. ಒಬ್ಬನ ಗೊಗ್ಗರು ದನಿ, ಒಬ್ಬನ ಎಡಗೈ, ಒಬ್ಬನ ಮೂಗು ಒರೆಸಿಕೊಳ್ಳುವ ಚಟ. ನಮ್ಮ ಕೋಚ್ ಪೆಟ್ರೆಲ್ಲಿ ಎಂಬ ದಢೂತಿ ಆಸಾಮಿ. ಅವನ ಮಾತನ್ನು ಕನ್ನಡಕ್ಕೆ ತಂದರೆ ಅರ್ಧಕ್ಕರ್ಧ ಉದುರಿಹೋಗುತ್ತದೆ, ಉಳಿದದ್ದು ಇಷ್ಟು: "ಹುಡುಗಾ, ನಿನ್ನಂಥ ನಕಲಿ ಮಾಲು ನನಗೆ ಹಿಂದೆಂದೂ ಸಿಕ್ಕಿರಲಿಲ್ಲ." ನಾನು ಇದನ್ನು ಹೊಗಳಿಕೆ ಎಂದುಕೊಂಡು ಮನೆಗೆ ಹೋಗಿ ಅಪ್ಪನಿಗೆ ಹೇಳಿದ್ದೆ.

ನಾನು ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಾಗ, ನವರಾತ್ರಿಯ ವಾರ, ನಮ್ಮ ಮುಖ್ಯ ಕ್ವಾರ್ಟರ್‌ಬ್ಯಾಕ್ ಟೈಲರ್ ಎಂಬವನು ಸ್ಕೇಟ್‌ಬೋರ್ಡಿನಿಂದ ಬಿದ್ದು ಮಣಿಕಟ್ಟು ಉಳುಕಿಸಿಕೊಂಡ. ಒಂದೇ ವಾರದ ಉಳುಕು. ಮುಂದಿನ ವಾರ ಬಂದೇ ಬರುತ್ತಾನೆ. ಶನಿವಾರ ಮಧ್ಯಾಹ್ನ ಒಂದು ಗಂಟೆಯ ಆಟಕ್ಕೆ ಮಾತ್ರ ನಾನು. ನಾಲ್ಕು ವರ್ಷ ಮೈಮುರಿದದ್ದಕ್ಕೆ ನನ್ನ ಪಾಲಿಗೆ ಬಂದದ್ದು ಆ ಒಂದು ಮಧ್ಯಾಹ್ನ. ಅದು ತಪ್ಪಿದರೆ ಇನ್ನೊಂದಿರಲಿಲ್ಲ. ಪೆಟ್ರೆಲ್ಲಿಗೂ ಅವನದೇ ಒಂದು ಮಡಿಯಿತ್ತು: ಪಂದ್ಯದ ಹಿಂದಿನ ದಿನ ಎಲ್ಲರೂ ಹೆಲ್ಮೆಟ್ ಮನೆಗೆ ಒಯ್ದು, ತಾವೇ ಉಜ್ಜಿ ಹೊಳೆಸಿ ತರಬೇಕು, ಹನ್ನೊಂದೂವರೆಗೆ ಮೈದಾನದಲ್ಲಿರಬೇಕು. ತಡವಾದವನು ಬೆಂಚಿಗೆ. ನಾನು ಉಜ್ಜಿ, ಹೊಳೆಸಿ, ಮೊಳೆಗೆ ನೇತುಹಾಕಿ ಮಲಗಿದೆ.

ಬೆಳಿಗ್ಗೆ ಎದ್ದು ನೋಡಿದರೆ ಮೊಳೆ ಖಾಲಿ. ಅಂದು ಮಹಾನವಮಿ, ಆಯುಧಪೂಜೆ. ಆರು ಮೆಟ್ಟಿಲು ಹತ್ತಿ ಹೋದೆ. ಟಿವಿಯ ಪಕ್ಕ ಜಮಖಾನ ಹಾಸಿ ಅಪ್ಪ ಪೂಜೆ ಮುಗಿಸಿದ್ದ. ಕಲಶ, ಅದರ ಮೇಲೆ ತೆಂಗಿನಕಾಯಿ, ಸೂಪರ್‌ಮಾರ್ಕೆಟ್ಟಿನ ಕಿತ್ತಳೆ ಬಣ್ಣದ ಸೇವಂತಿಗೆ. ಅವುಗಳ ನಡುವೆ, ಹಣೆಯ ಭಾಗಕ್ಕೆ ಮೂರು ಬೆರಳಿನ ವಿಭೂತಿ, ಅದರ ಮಧ್ಯೆ ರೂಪಾಯಿಯಗಲದ ಕುಂಕುಮ ಹಚ್ಚಿಸಿಕೊಂಡು, ಬಾಯಿಯ ಕಂಬಿಗಳಿಗೆ ಹೂವು ಸಿಕ್ಕಿಸಿಕೊಂಡು, ಯಾವುದೋ ಉಗ್ರದೇವತೆಯ ಮುಖವಾಡದ ಹಾಗೆ ನನ್ನ ಹೆಲ್ಮೆಟ್ಟು ಕೂತಿತ್ತು. ನಾಲ್ಕು ವರ್ಷ ಗ್ಯಾರೇಜು ದಾಟದ ವಸ್ತು.

"ನಾನೇ ಇಟ್ಟೆ," ಎಂದಳು ಅಮ್ಮ, ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತ. "ವಿನಿಗರ್ ಹಾಕಿ ಒರಸೀನಿ. ಎಲ್ಲಾರ ಆಯುಧಾನೂ ಇಟ್ಟೀವಿ. ಇದು ನಿನ್ನ ತಲಿ ಕಾಯ್ತದ, ಇದನ್ನ ಇಡಬಾರದೇನು?"

ಅವಳ ಮೇಲೆ ಸಿಟ್ಟಾಗುವಂತಿರಲಿಲ್ಲ. ಸಿಟ್ಟು ಬಂದದ್ದು ನಾನು ಕೈ ಚಾಚಿದಾಗ ಅಪ್ಪ ಹೇಳಿದ್ದಕ್ಕೆ.

"ಮುಟ್ಟಬೇಡ. ಪೂಜೆಗೆ ಇಟ್ಟಿದ್ದನ್ನ ನಾಳೆ ವಿಜಯದಶಮಿ ದಿನ ವಿಸರ್ಜನೆ ಮಾಡೇ ತೆಗೆಯೋದು. ಅಲ್ಲಿ ತನಕ ಉಪಯೋಗಿಸೋ ಹಾಗಿಲ್ಲ. ನಿಯಮ ಅಂದ್ರೆ ನಿಯಮ."

ಈ ನಿಯಮದ ವಿಷಯ ಹೇಳಬೇಕು. ಅಮೆರಿಕದ ಕನ್ನಡಿಗರಷ್ಟು ಜಾಣತನದಿಂದ ಆಯುಧಪೂಜೆ ಮಾಡುವವರು ಭೂಮಿಯ ಮೇಲೆ ಇರಲಾರರು. ಪೂಜೆಗೆ ಕೂತದ್ದನ್ನು ಒಂದು ದಿನ ಮುಟ್ಟುವಂತಿಲ್ಲವಾದ್ದರಿಂದ, ಮುಟ್ಟುವ ಅಗತ್ಯವೇ ಇಲ್ಲದ್ದನ್ನು ಇಡುತ್ತಾರೆ. ಅಪ್ಪ ಇಟ್ಟಿದ್ದುದು ಅವನ ಮೊದಲ ಲ್ಯಾಪ್‌ಟಾಪು; ಅದು ಸತ್ತು ಎಷ್ಟೋ ವರ್ಷವಾಗಿತ್ತು, ತಿಥಿ ಮಾಡುವುದೊಂದು ಬಾಕಿ. ಅಮ್ಮ ಇಟ್ಟಿದ್ದುದು ಮದುವೆಯಲ್ಲಿ ಬಂದ, ಇಲ್ಲಿನ ಕರೆಂಟಿಗೆ ಒಮ್ಮೆಯೂ ತಿರುಗದ ಮಿಕ್ಸಿ. ಜೀವವಿರುವ ಲ್ಯಾಪ್‌ಟಾಪು ಅಪ್ಪನ ತೊಡೆಯ ಮೇಲಿತ್ತು. ನಿಯಮದ ಬಗ್ಗೆ ನನಗೆ ಬೋಧಿಸುತ್ತಲೇ ಅವನು ಆಫೀಸಿಗೆ ಇಮೇಲ್ ಬರೆಯುತ್ತಿದ್ದ. ಆ ಇಡೀ ಮಂಟಪದಲ್ಲಿ ನಿಜವಾಗಿ ಆಯುಧವೆನ್ನಬಹುದಾದ ವಸ್ತು ಒಂದೇ ಒಂದಿತ್ತು.

"ಡ್ಯಾಡ್, ದಟ್ ಲ್ಯಾಪ್‌ಟಾಪ್ ಈಸ್ ಡೆಡ್," ಎಂದೆ.

"ಸೆಂಟಿಮೆಂಟ್ ಅದು. ನಿಂಗೆ ಅರ್ಥ ಆಗಲ್ಲ."

"ಕಾರು? ಕಾರಿಗೂ ಪೂಜೆ ಮಾಡಿದೀರಿ. ಮಧ್ಯಾಹ್ನ ಪಾಟ್‌ಲಕ್‌ಗೆ ನಡ್ಕೊಂಡು ಹೋಗ್ತೀರಾ?" ಇದನ್ನು ನಾನು ಇಂಗ್ಲಿಷಿನಲ್ಲಿ ಕೇಳಿದ್ದು, ಇಷ್ಟು ಸಭ್ಯವಾಗಿರಲಿಲ್ಲ.

"ಕಾರು ಬೇರೆ."

"ಹೋಗ್ಲಿ ಬಿಡ್ರೀ," ಎಂದಳು ಅಮ್ಮ. "ಹುಡುಗಂದು ಇವತ್ತ ಒಂದೇ ದಿನಾ ಅದ ಅಂತ."

"ಹೋಗ್ಲಿ ಅಂತ ಬಿಟ್ಟೂ ಬಿಟ್ಟೂನೇ ಇಲ್ಲಿಗೆ ಬಂದಿರೋದು. ಒಂದು ಶನಿವಾರ ಆಡ್ದೇ ಇದ್ರೆ ಜಗತ್ತೇನೂ ಮುಳುಗಲ್ಲ. ಆ ಟೀಮಲ್ಲಿ ಇನ್ನೊಬ್ಬ ಇಲ್ವಾ? ಇವನೇ ಇನ್ನೊಬ್ಬ ಅಲ್ವಾ!"

ಹತ್ತು ಐವತ್ತು. ಮೈದಾನಕ್ಕೆ ಹದಿನೈದು ನಿಮಿಷದ ದಾರಿ. ಹೆಲ್ಮೆಟ್ಟನ್ನು ಕಿತ್ತುಕೊಂಡು ಓಡಬಹುದಿತ್ತು, ನನ್ನನ್ನು ಅಪ್ಪ ಹಿಡಿಯುವುದು ರೈಲಿನ ಬಾಗಿಲಿದ್ದರೆ ಮಾತ್ರ ಸಾಧ್ಯ. ಆದರೆ ಅಮ್ಮ ಇಟ್ಟದ್ದು. ಕಿತ್ತುಕೊಂಡು ಹೋದರೆ ಆ ಮಧ್ಯಾಹ್ನವಿಡೀ ಅವಳ ಜೀವ ಬಾಯಿಗೆ ಬಂದಿರುತ್ತದೆ. ಹಾಗಾಗಿ ನಾನು ನನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದೆ. ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಎಡಗೈಯಿಂದ ಇಲ್ಲದ ಜನಿವಾರವನ್ನು ಬೆನ್ನಿಗೆ ಸರಿಸಿ, ಮೂಗಿನಿಂದ ದನಿ ತೆಗೆದು, ಅಪ್ಪನಾಗಿ ವಿಸರ್ಜನೆಯ ಮಂತ್ರ ಶುರುಮಾಡಿದೆ. ಪ್ರತಿ ವರ್ಷ ಕೇಳಿದ್ದು, ಅವನ ಪ್ರತಿ ಏರಿಳಿತವೂ ಗೊತ್ತು. ಮೊದಲ ಸಾಲು ಬೀದಿಗೆ ಕೇಳುವ ಹಾಗೆ, ಎರಡನೆಯದು ಗಡಿಬಿಡಿಯಲ್ಲಿ. ಮೂರನೆಯ ಸಾಲು ಬರುವಲ್ಲಿ ಅಪ್ಪ ಯಾವಾಗಲೂ ಕೆಮ್ಮುತ್ತಿದ್ದ. ಒಂದು ಉದ್ದ ಕೆಮ್ಮು, ಎರಡು ಗಿಡ್ಡ ಕೆಮ್ಮು, ಆಮೇಲೆ ಸೀದಾ ಕೊನೆಯ ಪದ. ನಾನೂ ಕೆಮ್ಮಿದೆ. ಒಂದು ಉದ್ದ, ಎರಡು ಗಿಡ್ಡ.

ಅಡುಗೆಮನೆಯಲ್ಲಿ ಚಾಕುವಿನ ಸದ್ದು ನಿಂತಿತು.

"ಅಯ್ಯ!" ಎಂದಳು ಅಮ್ಮ. "ಆ ಸಾಲು ಇವರಿಗೆ ಬರೂದೇ ಇಲ್ಲಲ್ಲೋ! ಇಷ್ಟು ವರ್ಷ ನಾನು ಥಂಡಿ ಆಗೇದ ಅಂತ ಕಷಾಯ ಮಾಡಿಕೊಟ್ಟೀನಿ!"

ನನಗೂ ಗೊತ್ತಿರಲಿಲ್ಲ, ಆಣೆಯಿಟ್ಟು ಹೇಳುತ್ತೇನೆ. ಕೆಮ್ಮು ಮಂತ್ರದ ಭಾಗವೆಂದೇ ತಿಳಿದಿದ್ದೆ. ಅಪ್ಪನ ಕಿವಿ ಕೆಂಪಾಯಿತು. ತೊಡೆಯ ಮೇಲಿನ ಲ್ಯಾಪ್‌ಟಾಪನ್ನು ಪಕ್ಕಕ್ಕಿಟ್ಟು ಎದ್ದು ಬಂದ. ಕೆನ್ನೆಗೆ ಬೀಳುತ್ತದೆಂದು ನಾನು ಕಣ್ಣು ಮುಚ್ಚಿದೆ. ಮುಚ್ಚಿದ ಕಣ್ಣಲ್ಲೇ, ಮಂತ್ರದ ಕೊನೆಗೆ ಮಾಡುವಂತೆ ಹೆಲ್ಮೆಟ್ಟನ್ನು ಒಂದಿಷ್ಟು ಸರಿಸಿದೆ.

"ಅದು ಪೂರ್ವ," ಎಂದಿತು ತಲೆಯ ಮೇಲಿನ ದನಿ. "ದೇವರನ್ನ ಟಿವಿ ಕಡೆ ಕಳಿಸ್ತಿದೀಯಲ್ಲೋ, ಮುಠ್ಠಾಳ. ಉತ್ತರಕ್ಕೆ ಸರಿಸ್ಬೇಕು."

ಬಗ್ಗಿ, ಎರಡೂ ಕೈಯಲ್ಲಿ ಹೆಲ್ಮೆಟ್ಟನ್ನು ಹಿಡಿದು, ಉತ್ತರಕ್ಕೆ ಎರಡು ಇಂಚು ಸರಿಸಿದ. ಆಮೇಲೆ ಅದನ್ನು ಎತ್ತಿ ನನ್ನ ಎದೆಗೆ ತುರುಕಿ, ತನ್ನ ಲ್ಯಾಪ್‌ಟಾಪನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಕಾರಿನ ಕೀಲಿ ಹುಡುಕತೊಡಗಿದ. ನಾಲ್ಕು ಚಕ್ರಗಳಡಿಯ ನಾಲ್ಕು ನಿಂಬೆಹಣ್ಣುಗಳು ಒಂದರ ಹಿಂದೊಂದು ಪಟಪಟನೆ ಒಡೆದವು. ಮೈದಾನದ ಗೇಟಿನಲ್ಲಿ ಅವನು ಹೇಳಿದ್ದಿಷ್ಟು: "ಪಾರ್ಕಿಂಗ್ ಫ್ರೀನಾ?"

ಹನ್ನೊಂದು ಇಪ್ಪತ್ತೆಂಟಕ್ಕೆ ನಾನು ಮೈದಾನದಲ್ಲಿದ್ದೆ. ಪೆಟ್ರೆಲ್ಲಿ ನನ್ನ ಹೆಲ್ಮೆಟ್ಟನ್ನು ನೋಡಿ ಬಾಯಲ್ಲಿದ್ದ ಚ್ಯೂಯಿಂಗ್ ಗಮ್ ನುಂಗಿದ. ಅದು ರಕ್ತವೇ ಎಂದು ಕೇಳಿದ. ಅಲ್ಲ, ಅಮ್ಮ ಎಂದೆ. ಒರೆಸಿ ಬಾ ಎಂದ. ಎಷ್ಟು ಒರೆಸಿದರೂ ಒಂದು ನಸುಗೆಂಪು ಉಳಿಯಿತು. ತಲೆಗೇರಿಸಿಕೊಂಡಾಗ ಒಳಗಿದ್ದ ಅಕ್ಷತೆ ಹುಬ್ಬಿನ ಮೇಲೆ ಉದುರಿತು. ಆಟಕ್ಕಿಳಿಯುವ ಮುಂಚೆ ಆ ದಢೂತಿ ನನ್ನ ಭುಜ ಹಿಡಿದು, ಪ್ರಪಂಚದ ಎಲ್ಲ ಕೋಚ್‌ಗಳೂ ಹೇಳುವ, ಈಗ ನಾನೂ ನಾಚಿಕೆಯಿಲ್ಲದೆ ಹೇಳುವ ಮಾತು ಹೇಳಿದ: "ಇವತ್ತು ನೀನು ಯಾರೂ ಆಗಬೇಕಿಲ್ಲ. ನೀನಾಗಿ ಆಡು." ಕಾಲಡಿಯ ಹುಲ್ಲು ಸರಿದ ಹಾಗಾಯಿತು. ಏಳು ಮಂದಿ ನನಗೆ ಕಂಠಪಾಠವಾಗಿದ್ದರು. ಎಂಟನೆಯವನು ಸುಧನ್ವ, ಅವನ ವಿಡಿಯೋ ನಾನು ನೋಡಿರಲಿಲ್ಲ.

ಅರ್ಧ ಆಟ ಟೈಲರ್ ಆಗಿ ಆಡಿದೆ. ಟೈಲರ್‌ನ ತೋಳಿಲ್ಲದೆ ಟೈಲರ್ ಆಗುವುದು ಮೂರ್ಖತನ. ಎರಡು ಸಲ ಚೆಂಡನ್ನು ನೇರವಾಗಿ ಎದುರಾಳಿಯ ಕೈಗೇ ಎಸೆದೆ, ಕಾಣಿಕೆ ಒಪ್ಪಿಸುವ ಹಾಗೆ. ಉಳಿದರ್ಧದಲ್ಲಿ ಯಾರ ಹಾಗೆ ಆಡಿದೆನೋ ಗೊತ್ತಿಲ್ಲ, ನೆನಪಿರುವುದು ಉಸಿರು ಮಾತ್ರ. ಒಮ್ಮೆ ಎಸೆಯಲು ಯಾರೂ ಕಾಣದೆ, ಹೆದರಿ, ಕೂಗುತ್ತ ನಾನೇ ಓಡಿ, ಯಾರದೋ ಕಾಲಿಗೆ ತೊಡರಿ ಗೆರೆಯಾಚೆ ಬಿದ್ದೆ. ಅದಕ್ಕೆ ಆರು ಅಂಕ, ಅದೊಂದೇ ನಮ್ಮ ಗಳಿಕೆ. ಇಪ್ಪತ್ತೇಳು ಆರು. ಸೋತೆವು ಎಂದರೆ ಸೋಲಿಗೆ ಅವಮಾನ. ಬೇಲಿಯ ಆಚೆ ಅಪ್ಪ ಪ್ರೇಕ್ಷಕರ ಮೆಟ್ಟಿಲ ಮೇಲೆ ಕೂತಿದ್ದ. ತಿರುಗಿ ನೋಡಿದಾಗಲೆಲ್ಲ ಕಾಣಿಸಿದ್ದು ತೆರೆದ ಲ್ಯಾಪ್‌ಟಾಪಿನ ಬೆನ್ನು, ಅದರ ಮೇಲಿಂದ ಅರ್ಧ ಕನ್ನಡಕ. ಹೇಗೂ ಬಂದು ಆ ಮನುಷ್ಯ ನನ್ನ ಒಂದೇ ಮಧ್ಯಾಹ್ನವನ್ನು ಆಫೀಸಿಗೆ ಕೊಟ್ಟನಲ್ಲ ಎಂದು ಹಲ್ಲು ಕಡಿದೆ.

ಪಾಟ್‌ಲಕ್ಕಿಗೆ ಯಾರೂ ಹೋಗಲಿಲ್ಲ. ನಾಲ್ಕು ಗಂಟೆಗೆ ಅಮ್ಮ ಕೋಸಂಬರಿ, ಹೋಳಿಗೆ ಬಡಿಸಿದಳು. ಗ್ಯಾರೇಜಿನಲ್ಲೇ ಬಿಚ್ಚಬೇಕೆಂಬ ನಿಯಮ ಅಂದು ಯಾರಿಗೂ ನೆನಪಾಗಲಿಲ್ಲ, ನಾನು ಕೆಸರಿನ ಸಮೇತ ಮೇಜಿನ ಮುಂದೆ ಕೂತಿದ್ದೆ.

"ಹೆಂಗ ಆಡಿದ್ಯೋ ಸುಧ್ಯಾ?"

"ವಿ ಲಾಸ್ಟ್."

"ಅದನ್ನ ಕೇಳಲಿಲ್ಲ ನಾ. ಹೆಂಗ ಆಡಿದಿ?"

ನಾನು ಹೋಳಿಗೆ ಮುರಿದು ಬಾಯಿಗಿಟ್ಟುಕೊಂಡೆ. ಆಗ ಅಪ್ಪ ತಟ್ಟೆ ಸರಿಸಿ ಎದ್ದ. ಮಂಟಪದ ಹತ್ತಿರ ಹೋಗಿ, ಕಲಶದ ಮೇಲಿನ ತೆಂಗಿನಕಾಯಿಯನ್ನು ಎತ್ತಿಕೊಂಡು ಬಂದು, ಫ್ರಿಜ್ಜು ಡಿಶ್‌ವಾಶರುಗಳ ನಡುವೆ ಕಾಲು ಅಗಲಿಸಿ ನಿಂತ. ಬಗ್ಗಿದ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಮತ್ತೆ ಎಡಕ್ಕೆ, ಮನೆಯ ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂಬ ಮುಖದಲ್ಲಿ. ಬಲತೊಡೆಯನ್ನು ಎರಡು ಬೆರಳಿನಿಂದ ಎರಡು ಸಲ ತಟ್ಟಿಕೊಂಡ. ಹೆಬ್ಬೆರಳಿನಿಂದ ಕಿವಿಯ ಹತ್ತಿರ ಏನನ್ನೋ ಎಳೆದು ಸರಿಮಾಡಿಕೊಂಡು, ಹಿಮ್ಮಡಿ ಎತ್ತಿ, "ಸೆಟ್... ಹಟ್!" ಎಂದು ಕೂಗಿದ. ಕೂಗು ದಪ್ಪಗೆ ಶುರುವಾಗಿ ಕೊನೆಯಲ್ಲಿ ಒಡೆದು ಕೋಳಿಮರಿಯಾಯಿತು. ತೆಂಗಿನಕಾಯಿಯನ್ನು ಎರಡೂ ಕೈಯಲ್ಲಿ ಎದೆಗೊತ್ತಿಕೊಂಡು, ಕುತ್ತಿಗೆ ಮುಂದೆ, ಹಿಂಭಾಗ ಹಿಂದೆ ಮಾಡಿ, ಎರಡು ಮಾರು ಓಡಿ, ಮೆಟ್ಟಿಲ ಬಳಿಯ ಚಪ್ಪಲಿ ಸ್ಟ್ಯಾಂಡಿಗೆ ತೊಡರಿ ಮೊಣಕಾಲೂರಿದ. ಎದ್ದು, ಗೆದ್ದನೋ ಸೋತನೋ ಎಂದು ಬೇರೆಯವರ ಮುಖ ನೋಡಿ ತಿಳಿದುಕೊಳ್ಳುವವನ ಹಾಗೆ ನಮ್ಮಿಬ್ಬರ ಮುಖ ನೋಡಿದ.

ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಗುತ್ತಿದ್ದಳು. ನನಗೆ ನಗು ಬರಲಿಲ್ಲ. ಏಳು ಊರಿನ ಕ್ವಾರ್ಟರ್‌ಬ್ಯಾಕ್‌ಗಳನ್ನು ಉಗುರಿನ ತನಕ ಬಲ್ಲವನು ನಾನು. ಈ ತೊಡೆ ತಟ್ಟುವವನನ್ನು, ಈ ಕೋಳಿಮರಿ ಕಂಠದವನನ್ನು ಎಲ್ಲೂ ಕಂಡಿರಲಿಲ್ಲ.

"ಯಾರದು?" ಎಂದು ಕೇಳಿದೆ. ಕೇಳಿದ್ದು ಕನ್ನಡದಲ್ಲಿ ಎಂಬುದು ಆಮೇಲೆ ಹೊಳೆಯಿತು.

"ಯಾರು ಅಂದ್ರೆ? ನೀನೇ," ಎಂದ ಅಪ್ಪ, ಮೊಣಕಾಲು ಒರೆಸಿಕೊಳ್ಳುತ್ತ. "ಎರಡೂವರೆ ಗಂಟೆ ನೋಡಿದೀನಿ. ಒಂದು ಸಲಾನೂ ತೊಡೆ ತಟ್ಟೋದು ತಪ್ಪಲಿಲ್ಲ."

ಈಗ ನನ್ನ ತಂಡದ ಹುಡುಗರು ಬೆನ್ನ ಹಿಂದೆ ನನ್ನನ್ನು ಮಾಡುತ್ತಾರೆ. ತೊಡೆ ತಟ್ಟುತ್ತಾರೆ, ಕಿವಿ ಎಳೆದುಕೊಳ್ಳುತ್ತಾರೆ. ಕಂಡೂ ಕಾಣದ ಹಾಗೆ ಇರುತ್ತೇನೆ. ತೀರಾ ಸಾಧಾರಣ ಕೆಲಸ. ಕೊನೆಯ ಆ ನೋಟ ಯಾರಿಗೂ ಬಂದಿಲ್ಲ.

"ಇನ್ನೊಮ್ಮೆ ಮಾಡ್ರೀ," ಎಂದಳು ಅಮ್ಮ ಆ ದಿನ. "ಆ ಬೀಳೂದೊಂದು ಮಾಡ್ರೀ."

ಅಪ್ಪ ತೆಂಗಿನಕಾಯಿಯನ್ನು ಕಲಶದ ಮೇಲೆ ಮೊದಲಿದ್ದ ಹಾಗೆಯೇ ಇಟ್ಟು, ಕೈಮುಗಿದು, ಬಂದು ಹೋಳಿಗೆಯ ಮುಂದೆ ಕೂತ.

"ಸಾಕು ಸುಮ್ನಿರೇ," ಎಂದ. "ಒರಿಜಿನಲ್ಲೇ ನೋಡಕ್ಕಾಗ್ಲಿಲ್ಲ."